ಟಿಪ್ಪಣಿಯ ಮುಂದೆ ಕೂತವರಿಗೆ

ಕೋಲಾರ ಜಿಲ್ಲೆಯ ಹೋಳೂರಿನ ಕಡೆಯ ಹುಡುಗ ಹುಡುಗಿಯರು ನೀವು, ಡಿಪ್ಲೊಮಾ ಮುಗಿಸಿ, ಆಟೋಕ್ಯಾಡ್ ಕಲಿತು, ಸ್ಕ್ಯಾನ್ ಆದ ಹಳೆಯ ಸರ್ವೆ ಕಾಗದಗಳನ್ನು ಡಿಜಿಟಲ್ ನಕ್ಷೆ ಮಾಡುವ ಕೆಲಸಕ್ಕೆ ಸೇರುತ್ತಿದ್ದೀರಿ. ಸಂತೋಷ. ಮೌಸ್ ಹಿಡಿಯುವುದು ನಿಮಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಕಾಗದ ಓದುವುದರ ಬಗ್ಗೆ ಮಾತ್ರ ಸ್ವಲ್ಪ ಕೇಳಿ.

ಟಿಪ್ಪಣಿ ಅನ್ನುವುದು ಕೈಚಿತ್ರ. ಅಳೆಯುವವನು ಹೊಲದಲ್ಲಿ ನಿಂತು, ನಡುವೆ ಬೇಸ್‌ಲೈನ್ ಹಿಡಿದು, ಕ್ರಾಸ್ ಸ್ಟಾಫ್ ಇಟ್ಟು ಅತ್ತಿತ್ತಲಿನ ಬಾಂದುಕಲ್ಲುಗಳಿಗೆ ಆಫ್‌ಸೆಟ್ ತೆಗೆದು ಬರೆದುಕೊಂಡದ್ದು. ಅವನು ಎಳೆದ ಗೆರೆ ಅಂದಾಜಿನದು, ಬರೆದ ಅಂಕಿ ಅಳತೆಯದು. ಹಾಗಾಗಿ ಸ್ಕ್ಯಾನನ್ನು ಕೆಳಗಿಟ್ಟು ಅದೇ ಗೆರೆಯ ಮೇಲೆ ಪಾಲಿಲೈನ್ ಎಳೆಯಬೇಡಿ. ತಾನಾಗಿ ಗೆರೆ ಹಿಡಿಯುವ ಸಾಫ್ಟ್‌ವೇರ್‌ಗಂತೂ ಟಿಪ್ಪಣಿ ಕೊಡಲೇಬೇಡಿ. ಕಾಗದದ ಮಡಿಕೆಯನ್ನೂ ಅದು ಹೊಲದ ಬದು ಮಾಡಿಬಿಡುತ್ತದೆ. ಮೊದಲು ಬೇಸ್‌ಲೈನ್ ಹಾಕಿ, ಅಂಕಿ ನೋಡಿ ಒಂದೊಂದೇ ಆಫ್‌ಸೆಟ್ ಕೂಡಿಸಿ. ಹೊಲ ತಾನೇ ಎದ್ದು ಬರುತ್ತದೆ.

ಎಡವುವುದು ಈ ಅಂಕಿಗಳಲ್ಲೇ. ನಮ್ಮ ಹಳೆಯ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಸರಪಳಿ ಉದ್ದಗಲದ ಚೌಕ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಟಿಪ್ಪಣಿಯಲ್ಲಿ 5-8 ಅಂತಿದ್ದರೆ ಐದೂವರೆ ಸರಪಳಿ, 181.5 ಅಡಿ, ಮೀಟರಿನಲ್ಲಿ 55.32. ಅದನ್ನೇ 5.8 ಎಂದು ಒತ್ತಿದರೆ ಹತ್ತಿರ ಹತ್ತು ಅಡಿ ಹೆಚ್ಚಾಗಿ ಪಕ್ಕದವರ ಹೊಲದೊಳಗೆ ಹೋಗುತ್ತೀರಿ. ವಿಸ್ತೀರ್ಣದಲ್ಲೂ ಇದೇ ಗಂಡಾಂತರ. 2 ಎಕರೆ 10 ಗುಂಟೆ ಅಂದರೆ 2.25 ಎಕರೆ. 2.10 ಅಂದುಕೊಂಡರೆ ಆರು ಗುಂಟೆ ಮಾಯ. 30x40ರ ಐದು ಸೈಟಿಗಿಂತ ಜಾಸ್ತಿ ಅದು. ಒಂದು ಕಡೆ ನರಸಾಪುರದ ಕೈಗಾರಿಕೆ, ಇನ್ನೊಂದು ಕಡೆ ಮಾಲೂರಿನ ಮೇಲೆ ಚೆನ್ನೈ ಎಕ್ಸ್‌ಪ್ರೆಸ್‌ವೇ. ಈ ಜಿಲ್ಲೆಯಲ್ಲಿ ಇವತ್ತು ಆರು ಗುಂಟೆಗೆ ಅಣ್ಣತಮ್ಮಂದಿರು ಕೋರ್ಟ್ ಹತ್ತುತ್ತಾರೆ.

ಕನ್ನಡ ಅಂಕಿಗಳು ಮಸುಕಾಗಿದ್ದರೆ ೨ ಮತ್ತು ೩, ೬ ಮತ್ತು ೯ ಕಣ್ಣು ತಪ್ಪಿಸುತ್ತವೆ. ಊಹಿಸಬೇಡಿ. ಎರಡೂ ಅಂಕಿ ಹಾಕಿ ವಿಸ್ತೀರ್ಣ ತೆಗೆದು, ಆಕಾರಬಂದಿಯಲ್ಲಿ ದಾಖಲಾದ ವಿಸ್ತೀರ್ಣಕ್ಕೆ ಯಾವುದು ಕೂಡುತ್ತದೆ ನೋಡಿ. ಕ್ರಯಪತ್ರ ಸಿಕ್ಕರೆ ಚೆಕ್ಕುಬಂದಿಯನ್ನೂ ತಾಳೆ ಹಾಕಿ. ಯಾವುದೂ ಕೂಡದಿದ್ದರೆ ಗೆರೆಯನ್ನು ಬಲವಂತವಾಗಿ ಮುಚ್ಚಬೇಡಿ. ಮುಚ್ಚದ ಮೂಲೆಯನ್ನು ಬೇರೆ ಲೇಯರಿನಲ್ಲಿ, ಬೇರೆ ಬಣ್ಣದಲ್ಲಿ ತೋರಿಸಿ. ಅದನ್ನು ನೋಡಿದ ಭೂಮಾಪಕ ಸ್ಥಳಕ್ಕೆ ಹೋಗಿ ಕಲ್ಲು ಹುಡುಕುತ್ತಾನೆ. ನೀವು ಅಂದವಾಗಿ ಮುಚ್ಚಿಟ್ಟರೆ ಯಾರೂ ಹೋಗುವುದಿಲ್ಲ.

ಗ್ರಾಮನಕ್ಷೆಯ ಕಥೆ ಬೇರೆ. ಅದು ಅಳತೆಗೆ ಬರೆದದ್ದೇ, ಆದರೆ 1:7920 ಪ್ರಮಾಣದಲ್ಲಿ. ಅಲ್ಲಿ ಅರ್ಧ ಮಿಲಿಮೀಟರಿನ ಮಸಿಗೆರೆ ನೆಲದ ಮೇಲೆ ಹದಿಮೂರು ಅಡಿ, ಒಂದು ಬಂಡಿದಾರಿಯಷ್ಟು ಅಗಲ. ಅದರಿಂದ ತೆಗೆದ ನಕ್ಷೆಯನ್ನು ಪರದೆಯಲ್ಲಿ ಎಷ್ಟು ಹಿಗ್ಗಿಸಿದರೂ ನಿಖರತೆ ಹೆಚ್ಚುವುದಿಲ್ಲ. ಮೊಬೈಲಿನ ದಿಶಾಂಕ್ ಆ್ಯಪ್ ನೋಡಿ ಬೇಲಿ ಹಾಕಲು ಹೊರಟವರಿಗೂ ಇದನ್ನು ತಿಳಿಸಿ. ಹಳೆಯ ಹಾಳೆ ಉದ್ದಕ್ಕೊಂದು ಅಡ್ಡಕ್ಕೊಂದು ರೀತಿ ಕುಗ್ಗಿರುತ್ತದೆ, ಒಂದೇ ಕಡೆ ಅಳತೆ ಹೊಂದಿಸಿ ಸುಮ್ಮನಾಗಬೇಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ತರುವುದು ಸ್ಕ್ಯಾನಿನ ಚುಕ್ಕೆ ಅಳಿಸುವ ಆ ಒಂದು ಗುಂಡಿ. ಕೊಳೆ ಹೋಗಲಿ ಅಂತ ಒತ್ತುತ್ತೀರಿ. ಬಂಡಿದಾರಿ, ಕಾಲುದಾರಿಯಂಥವನ್ನು ಹಳಬರು ಚುಕ್ಕೆಗೆರೆಯಲ್ಲೇ ಬರೆದಿರುತ್ತಾರೆ. ಕಾಲುವೆಯ ಗೆರೆ ತುಂಡು ತುಂಡಾಗಿ ಮಾಸಿರುತ್ತದೆ. ಕೊಳೆಯ ಜೊತೆ ಅವೂ ಹೋಗುತ್ತವೆ. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಷ್ಟೇ ಅಲ್ಲ, ಕೆರೆಗೆ ಕೆರೆ ಪೋಣಿಸಿದ ಸೀಮೆ. 2018ರಲ್ಲಿ ಬೆಂಗಳೂರಿನಿಂದ ಸಂಸ್ಕರಿಸಿದ ಕೆ.ಸಿ. ವ್ಯಾಲಿಯ ನೀರು ಕೋಲಾರದ ಕೆರೆಗಳಿಗೆ ಬಂದಾಗ ಅದು ಒಂದು ಕೋಡಿಯಿಂದ ಮುಂದಿನ ಕೆರೆಗೆ ಹರಿದದ್ದು ಹಳೆಯ ಕಾಲುವೆಗಳಲ್ಲೇ. ಅವು ಯಾರೊಬ್ಬರ ಖಾತೆಯಲ್ಲೂ ಇಲ್ಲದ ಖರಾಬು. ನಕ್ಷೆಯಲ್ಲಿ ನೀವು ಬಿಟ್ಟರೆ ಅವುಗಳ ಪರವಾಗಿ ತಾಲ್ಲೂಕು ಕಚೇರಿಗೆ ಬಂದು ಕೇಳುವ ವಾರಸುದಾರ ಯಾರೂ ಇಲ್ಲ. ಆದ್ದರಿಂದ ಮೂಲ ಸ್ಕ್ಯಾನನ್ನು ಮುಟ್ಟದೆ ಹಾಗೇ ಉಳಿಸಿ, ಶುಚಿ ಮಾಡುವುದನ್ನು ನಕಲಿನ ಮೇಲೆ ಮಾಡಿ, ಕೊನೆಗೆ ಎರಡನ್ನೂ ಒಂದರ ಮೇಲೊಂದು ಇಟ್ಟು ಯಾವ ಚುಕ್ಕೆ ಹೋಯಿತು ಅಂತ ಎಣಿಸಿ.

ಮುದ್ರಿಸುವಾಗ ಮೀಟರಿನ ಪಕ್ಕದಲ್ಲೇ ಸರಪಳಿ-ಆಣೆಯನ್ನೂ, ಉತ್ತರ ದಿಕ್ಕನ್ನೂ, ಪಕ್ಕದ ಸರ್ವೆ ನಂಬರುಗಳನ್ನೂ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಿ. ಅದನ್ನು ಹಿಡಿದುಕೊಂಡು ಬದುವಿನ ಮೇಲೆ ನಡೆಯುವವರಿಗೆ ಅರವತ್ತು ದಾಟಿರುತ್ತದೆ.