ಆ ಮೂವರು ಎಷ್ಟು ಶೇಕಡಾ? ಎಂಟನೆಯ ತರಗತಿಯಲ್ಲಿ ಅಮೆರಿಕದ ಪ್ರೈಮರಿ

ತರಗತಿ: 8. ವಿಷಯ: ಗಣಿತ. ಘಟಕ: ಶೇಕಡಾ. ಅವಧಿ: 40 ನಿಮಿಷಗಳ ಎರಡು ಪಾಠ. ಹಾಜರಿದ್ದ ಮಕ್ಕಳು: 42.

ಶೇಕಡಾ ಲೆಕ್ಕವನ್ನು ಮಾಡಲು ಎಂಟನೆಯ ತರಗತಿಯ ಮಕ್ಕಳಿಗೆ ಬರುತ್ತದೆ. ರಿಯಾಯಿತಿ, ಬಡ್ಡಿ, ಲಾಭ-ನಷ್ಟ ಯಾವುದನ್ನು ಕೊಟ್ಟರೂ ನೂರರಿಂದ ಗುಣಿಸಿ ಭಾಗಿಸಿ ಉತ್ತರ ತರುತ್ತಾರೆ. ಆದರೆ "ಯಾವುದರ ಶೇಕಡಾ?" ಎಂದು ಅವರು ಕೇಳುವುದಿಲ್ಲ, ಏಕೆಂದರೆ ಪುಸ್ತಕದ ಲೆಕ್ಕದಲ್ಲಿ ಛೇದ ಯಾವಾಗಲೂ ಸಿದ್ಧವಾಗಿ ಬಂದಿರುತ್ತದೆ. ಅಂಗಿಯ ಬೆಲೆ 500 ಎಂದು ಕೊಟ್ಟ ಮೇಲೆ ಕೇಳುವುದೇನಿದೆ? ಛೇದವನ್ನು ಮಕ್ಕಳೇ ಆರಿಸಬೇಕಾದ, ಆರಿಸಿದ್ದಕ್ಕೆ ಕಾರಣ ಕೊಡಬೇಕಾದ ಒಂದು ಸಂದರ್ಭ ನನಗೆ ಬೇಕಿತ್ತು. ಅಮೆರಿಕದ ಪಕ್ಷಗಳ ಒಳಗಿನ ಚುನಾವಣೆಯಲ್ಲಿ ಅದು ಸಿಕ್ಕಿತು.

ನಮ್ಮಲ್ಲಿ ಟಿಕೆಟ್ ಕೊಡುವುದು ಪಕ್ಷದ ವರಿಷ್ಠರು. ಟಿಕೆಟ್ ಕೈತಪ್ಪಿದವರು ಬಂಡಾಯವೇಳುತ್ತಾರೆ ಎಂಬುದು ಹದಿಮೂರು ವರ್ಷದ ಮಕ್ಕಳಿಗೂ ಗೊತ್ತು. "ಬಂಡಾಯ ಅಭ್ಯರ್ಥಿ" ಎಂಬ ಮಾತನ್ನು ನಾನು ವಿವರಿಸಬೇಕಾಗಲಿಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಗೆ ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ರಾಜ್ಯ ರಾಜ್ಯಗಳಲ್ಲಿ ಸಾಮಾನ್ಯ ಮತದಾರರೇ ಮತ ಹಾಕಿ ನಿರ್ಧರಿಸುತ್ತಾರೆ. ಅದೇ ಪ್ರೈಮರಿ. (2014ರ ಲೋಕಸಭಾ ಚುನಾವಣೆಗೆ ಮೊದಲು ಕಾಂಗ್ರೆಸ್ ಪಕ್ಷ ಕೆಲವೇ ಕ್ಷೇತ್ರಗಳಲ್ಲಿ ಇಂಥದೊಂದು ಪ್ರಯೋಗ ನಡೆಸಿತು, ನಮ್ಮ ರಾಜ್ಯದ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದರಲ್ಲಿದ್ದವು. ಎರಡರಲ್ಲೂ ಆ ಪಕ್ಷ ಸೋತಿತು.) ಒಂದೇ ಪಕ್ಷದವರು ತಿಂಗಳುಗಟ್ಟಲೆ ಪರಸ್ಪರ ಹಳಿದುಕೊಂಡ ಮೇಲೆ, ಒಬ್ಬರು ಗೆದ್ದಾಗ, ಸೋತವರ ಬೆಂಬಲಿಗರು ಏನು ಮಾಡುತ್ತಾರೆ? ಇದು ಶೇಕಡಾ ಪ್ರಶ್ನೆ. ದೂರದ ದೇಶವನ್ನು ಆರಿಸಲು ಇನ್ನೊಂದು ಕಾರಣವೂ ಇತ್ತು. ಊರಿನ ಚುನಾವಣೆಯನ್ನು ತಂದಿದ್ದರೆ ಅರ್ಧ ತರಗತಿ ಒಂದು ಬಾವುಟ, ಇನ್ನರ್ಧ ಇನ್ನೊಂದು ಬಾವುಟ ಹಿಡಿಯುತ್ತಿತ್ತು, ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು.

ಮೊದಲ ಪಾಠದ ಹತ್ತು ನಿಮಿಷ 2008ರ ಕಥೆಗೆ. ಡೆಮಾಕ್ರಟಿಕ್ ಪಕ್ಷದಲ್ಲಿ ಬರಾಕ್ ಒಬಾಮ ಮತ್ತು ಹಿಲರಿ ಕ್ಲಿಂಟನ್ ಜನವರಿಯಿಂದ ಜೂನ್‌ವರೆಗೆ ಸೆಣಸಿದರು. ಎದುರು ಪಕ್ಷದ ಜಾನ್ ಮೆಕೇನ್ ಅವರ ಹೆಸರು ಮಾರ್ಚ್ ಮೊದಲ ವಾರದಲ್ಲೇ ಖಚಿತವಾಗಿತ್ತು; ಇವರದು ಮುಗಿಯಲು ಇನ್ನೂ ಮೂರು ತಿಂಗಳು ಹಿಡಿಯಿತು. "ಯಾಕೆ ಮಿಸ್, ಅಷ್ಟು ಲೇಟು?" ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಉತ್ತರ ಲೆಕ್ಕದಲ್ಲೇ ಇದೆ. ಆ ಪಕ್ಷದಲ್ಲಿ ಶೇ. 15ಕ್ಕಿಂತ ಕಡಿಮೆಯಾಗದಂತೆ ಮತ ಪಡೆದವರಿಗೆಲ್ಲ, ಮತದ ಅನುಪಾತದಲ್ಲಿ ಪ್ರತಿನಿಧಿಗಳನ್ನು ಹಂಚುತ್ತಾರೆ. ನಾಲ್ಕು ಪ್ರತಿನಿಧಿಗಳಿರುವ ಒಂದು ಕ್ಷೇತ್ರದಲ್ಲಿ ಇಬ್ಬರೇ ಸ್ಪರ್ಧಿಗಳು, ಮತ 62–38 ಎಂದುಕೊಳ್ಳೋಣ. ನಾಲ್ಕರಲ್ಲಿ ಶೇ. 62 ಎಂದರೆ 2.48, ಶೇ. 38 ಎಂದರೆ 1.52. ಪೂರ್ಣಾಂಕಕ್ಕೆ ತಂದರೆ 2 ಮತ್ತು 2! ಅಷ್ಟು ದೊಡ್ಡ ಗೆಲುವಿಗೂ ಸಮಪಾಲು. 63–37 ಆದರೆ ಮಾತ್ರ 3 ಮತ್ತು 1. ಇದನ್ನು ಮಕ್ಕಳು ಸ್ಲೇಟಿನ ಮೇಲೆ ಮಾಡಿ, ನಂಬದೆ ಮತ್ತೊಮ್ಮೆ ಮಾಡಿದರು. ಹೀಗೆ ಹಂಚುತ್ತಾ ಹೋದರೆ ಮುಂದಿರುವವರು ಬೇಗ ದೂರ ಸಾಗಲಾರರು, ಹಿಂದಿರುವವರು ಬೇಗ ಕೈಚೆಲ್ಲಲಾರರು. ಜಗಳ ಉದ್ದವಾಗುವುದಕ್ಕೆ ನಾಯಕರ ಹಠದಷ್ಟೇ ಈ ಪೂರ್ಣಾಂಕವೂ ಕಾರಣ ಎಂಬುದು ನನ್ನ ಅಭಿಪ್ರಾಯ.

ಭಿನ್ನರಾಶಿಗೂ ಅಲ್ಲಿ ಒಂದು ಉದಾಹರಣೆ ಸಿಗುತ್ತದೆ. ಫ್ಲಾರಿಡಾ ಮತ್ತು ಮಿಷಿಗನ್ ರಾಜ್ಯಗಳು ಪಕ್ಷ ಹೇಳಿದ ದಿನಕ್ಕಿಂತ ಮೊದಲೇ ಪ್ರೈಮರಿ ನಡೆಸಿದ್ದರಿಂದ, ಮೇ 31ರಂದು ಪಕ್ಷದ ಸಮಿತಿ ಆ ರಾಜ್ಯಗಳ ಪ್ರತಿನಿಧಿಗಳಿಗೆ ತಲಾ ಅರ್ಧ ಮತ ಕೊಟ್ಟು ವಿವಾದ ಮುಗಿಸಿತು. ಆಗ ಬೇಕಾದ ಬಹುಮತ 2,118ಕ್ಕೆ ಏರಿತು. ಜೂನ್ 3ರಂದು ಒಬಾಮ ಅದನ್ನು ದಾಟಿದರು. ಜೂನ್ 7ರಂದು ಕ್ಲಿಂಟನ್ ಸ್ಪರ್ಧೆ ನಿಲ್ಲಿಸಿ ಅವರಿಗೆ ಬೆಂಬಲ ಘೋಷಿಸಿದರು. ಜೂನ್ 27ರಂದು ಇಬ್ಬರೂ ಒಂದೇ ವೇದಿಕೆಗೆ ಬಂದದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪುಟ್ಟ ಊರಿನಲ್ಲಿ. ಊರಿನ ಹೆಸರು ಯೂನಿಟಿ, ಅಂದರೆ ಒಗ್ಗಟ್ಟು. ಪ್ರೈಮರಿಯಲ್ಲಿ ಆ ಊರಿನಲ್ಲಿ ಒಬಾಮಗೆ ಬಿದ್ದ ಮತ 107, ಕ್ಲಿಂಟನ್‌ಗೂ 107. ಇದನ್ನು ಹೇಳಿದಾಗ ತರಗತಿಯಲ್ಲಿ ಚಪ್ಪಾಳೆ ಬಿತ್ತು.

ಇನ್ನು ಚಟುವಟಿಕೆ. ಪ್ರವಾಸಕ್ಕೆ ಎಲ್ಲಿಗೆ ಹೋಗೋಣ? ನಮ್ಮ 'ಎ' ವಿಭಾಗದ ಒಳಗೆ ಬೇಲೂರು ಮತ್ತು ಶ್ರವಣಬೆಳಗೊಳ ಸ್ಪರ್ಧಿಗಳು. ಗೆದ್ದ ಜಾಗ ನಮ್ಮ ವಿಭಾಗದ ಹೆಸರಲ್ಲಿ ನಿಲ್ಲುತ್ತದೆ. ಎದುರಿಗೆ 'ಬಿ' ವಿಭಾಗದ ಜೋಗ; ಅವರ 40 ಮಂದಿಯೂ ಜೋಗದ ಪರವೇ ಎಂದು ಭಾವಿಸಿಕೊಂಡೆವು. ಒಬ್ಬ ಹುಡುಗ ಬೇಲೂರಿನ ಪರ, ಒಬ್ಬ ಹುಡುಗಿ ಶ್ರವಣಬೆಳಗೊಳದ ಪರ ಎರಡೆರಡು ನಿಮಿಷ ಮಾತಾಡಿದರು. ಬೇಲೂರಿನವನು "ಬೆಟ್ಟ ಹತ್ತಿ ಕಾಲು ನೋಯಿಸ್ಕೊಳ್ಳೋಕೆ ಪ್ರವಾಸ ಯಾಕೆ?" ಅಂದದ್ದು ಎದುರು ಗುಂಪಿಗೆ ಚೆನ್ನಾಗಿಯೇ ನಾಟಿತು. ಚೀಟಿ ಎಣಿಸಿದಾಗ ಬೇಲೂರು 23, ಶ್ರವಣಬೆಳಗೊಳ 19.

ಎರಡನೆಯ ಸುತ್ತು: ಬೇಲೂರೋ ಜೋಗವೋ? ಚೀಟಿಯಲ್ಲಿ ಹೆಸರಿಲ್ಲ. ನಮ್ಮ 42 ಮಂದಿಯೂ ಒಂದಾದರೆ 42–40, ಗೆಲುವು ನಮ್ಮದು. ಎಣಿಸಿದರೆ ಬೇಲೂರಿಗೆ 39, ಜೋಗಕ್ಕೆ 3. ಒಟ್ಟು 39–43. ಎರಡು ಮತಗಳಿಂದ ಗೆಲ್ಲಬೇಕಾದ ನಾವು ನಾಲ್ಕರಿಂದ ಸೋತೆವು. ಮೂವರು ಹೋದರೆ ಅಂತರ ಆರು ಬದಲಾದದ್ದು ಹೇಗೆ ಎಂದು ಕೇಳಿದೆ. ಅತ್ತ ಹೋದ ಒಂದು ಮತ ಇಲ್ಲಿ ಒಂದನ್ನು ಕಳೆದು ಅಲ್ಲಿ ಒಂದನ್ನು ಕೂಡುತ್ತದೆ. ಮನೆಯಲ್ಲೇ ಉಳಿದ ಮತವಾದರೆ ಒಂದನ್ನು ಮಾತ್ರ ಕಳೆಯುತ್ತದೆ. ಮಕ್ಕಳು ಇದನ್ನು ತಾವೇ ಕಂಡುಕೊಂಡರು.

ಕಪ್ಪುಹಲಗೆಯ ಮೇಲೆ ಮೂರು ಸಾಲು ಬರೆಸಿದೆ. 82 ಮತದಾರರಲ್ಲಿ ಮೂವರು: ಶೇ. 3.7. ನಮ್ಮ ವಿಭಾಗದ 42ರಲ್ಲಿ ಮೂವರು: ಶೇ. 7.1. ಸೋತ ಗುಂಪಿನ 19ರಲ್ಲಿ ಮೂವರು: ಶೇ. 15.8. ಅದೇ ಮೂವರು.

ಅಷ್ಟರಲ್ಲಿ ತರಗತಿ ಬಿಸಿಯಾಗಿತ್ತು. "ಯಾರು ಮಿಸ್ ಆ ಮೂವರು?" "ನಂಗೊತ್ತು, ಇವನೇ ಒಬ್ಬ." ಶ್ರವಣಬೆಳಗೊಳದ ಪರ ಇದ್ದವರ ಕಡೆಗೆ ಬೆರಳುಗಳು ತಿರುಗಿದವು. ಸುಮ್ಮನೆ ಕೂತಿದ್ದ ಒಬ್ಬ ಹುಡುಗನ ಕಿವಿ ಕೆಂಪಾಯಿತು. ಚೀಟಿಗಳನ್ನೆಲ್ಲ ಎಲ್ಲರ ಕಣ್ಣೆದುರೇ ಹರಿದು ಬುಟ್ಟಿಗೆ ಹಾಕಿದೆ. ಆಗ ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು: "ಮಿಸ್, ಆ ಮೂವರು 19ರಲ್ಲೇ ಇದ್ದರು ಅಂತ ಹೇಗೆ ಗೊತ್ತು? ಬೇಲೂರಿಗೆ ಹಾಕಿದವರೇ ಆಮೇಲೆ ಜೋಗಕ್ಕೆ ಹಾಕಿರಬಹುದಲ್ವಾ?"

ಪಾಠಯೋಜನೆಯಲ್ಲಿ ಬರೆದಿಟ್ಟುಕೊಂಡ ಯಾವ ಪ್ರಶ್ನೆಗಿಂತಲೂ ಇದು ದೊಡ್ಡ ಪ್ರಶ್ನೆ. ನಾಲ್ಕನೆಯ ಸಾಲು ಬರೆದೆವು: 23ರಲ್ಲಿ ಮೂವರಾದರೆ ಶೇ. 13. ಅಲ್ಲಿಂದ ಒಬ್ಬ ಇಲ್ಲಿಂದ ಇಬ್ಬರಾದರೆ ಮತ್ತೆ ಬೇರೆ. ಚೀಟಿ ಗುಟ್ಟಿನದಾದ ಮೇಲೆ ನಮ್ಮ ಕೈಯಲ್ಲಿ ಖಚಿತವಾಗಿರುವುದು ಎರಡೇ, 82ರ ಸಾಲು ಮತ್ತು 42ರ ಸಾಲು. 19ರ ಸಾಲು ಅನುಮಾನದ ಸಾಲು. ಆದರೆ ಇಡೀ ತರಗತಿ ಬೆರಳು ತೋರಿಸಿದ್ದು ಆ ಸಾಲನ್ನು ನಂಬಿ.

ಎರಡನೆಯ ಪಾಠವನ್ನು ಈ ಅನುಮಾನದಿಂದಲೇ ಶುರು ಮಾಡಿದೆ. 2008ರ ಮಾರ್ಚ್‌ನಲ್ಲಿ, ಸ್ಪರ್ಧೆ ಕಾವೇರಿದ್ದಾಗ ಗ್ಯಾಲಪ್ ಸಂಸ್ಥೆ ಸಮೀಕ್ಷೆ ಮಾಡಿತ್ತು. ಒಬಾಮ ಅಭ್ಯರ್ಥಿಯಾದರೆ ಮೆಕೇನ್‌ಗೆ ಮತ ಹಾಕುತ್ತೇವೆ ಎಂದ ಕ್ಲಿಂಟನ್ ಬೆಂಬಲಿಗರು ಶೇ. 28. ಕ್ಲಿಂಟನ್ ಅಭ್ಯರ್ಥಿಯಾದರೆ ಮೆಕೇನ್‌ಗೆ ಎಂದ ಒಬಾಮ ಬೆಂಬಲಿಗರು ಶೇ. 19. ನವೆಂಬರ್‌ನ ಮತಗಟ್ಟೆ ಸಮೀಕ್ಷೆಯಲ್ಲಿ ಕ್ಲಿಂಟನ್ ಪರವಾಗಿದ್ದ ಡೆಮಾಕ್ರಟರಲ್ಲಿ ಮೆಕೇನ್‌ಗೆ ಹಾಕಿದವರು ಆರರಲ್ಲಿ ಒಬ್ಬರ ಆಸುಪಾಸು, ಶೇ. 16ರಷ್ಟು. 28ರಿಂದ 16ಕ್ಕೆ ಇಳಿದದ್ದು 12 ಅಂಶ. ಆದರೆ ಇಳಿಕೆ ಶೇ. 12 ಅಲ್ಲ, 28ರಲ್ಲಿ 12 ಎಂದರೆ ಸುಮಾರು ಶೇ. 43. ಈ ವ್ಯತ್ಯಾಸಕ್ಕೆ ಹತ್ತು ನಿಮಿಷ ಬೇಕಾಯಿತು, ಅದು ವ್ಯರ್ಥವಲ್ಲ. ನಡುವೆ ನಡೆದದ್ದನ್ನೂ ಹೇಳಿದೆ. ಆಗಸ್ಟ್ 27ರಂದು ಡೆನ್ವರ್ ಮಹಾಧಿವೇಶನದಲ್ಲಿ ರಾಜ್ಯವಾರು ಮತ ಎಣಿಸುತ್ತಿದ್ದಾಗ, ಎಣಿಕೆ ನಿಲ್ಲಿಸಿ ಒಬಾಮ ಅವರನ್ನು ಒಕ್ಕೊರಲಿನಿಂದ ಆರಿಸಬೇಕೆಂದು ಸೂಚನೆ ಮಂಡಿಸಿದ್ದು ಸೋತ ಕ್ಲಿಂಟನ್ ಅವರೇ. ಗೆದ್ದ ಒಬಾಮ ಮುಂದೆ ಅವರನ್ನು ವಿದೇಶಾಂಗ ಸಚಿವೆಯನ್ನಾಗಿ ಮಾಡಿಕೊಂಡರು.

ನಂತರ 2016. ಆ ಸಲ ಪ್ರೈಮರಿಯಲ್ಲಿ ಗೆದ್ದವರು ಕ್ಲಿಂಟನ್, ಸೋತವರು ಬರ್ನಿ ಸ್ಯಾಂಡರ್ಸ್. ಜುಲೈ 12ರಂದು ಸ್ಯಾಂಡರ್ಸ್ ಬೆಂಬಲ ಘೋಷಿಸಿದರು. ಚುನಾವಣೆಯ ನಂತರದ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಅವರ ಪ್ರೈಮರಿ ಮತದಾರರಲ್ಲಿ ಶೇ. 12ರಷ್ಟು ಮಂದಿ ಡೊನಾಲ್ಡ್ ಟ್ರಂಪ್‌ಗೆ ಮತ ಹಾಕಿದ್ದರು. ಮಿಷಿಗನ್‌ನಲ್ಲಿ ಟ್ರಂಪ್ ಗೆದ್ದದ್ದು 10,704 ಮತಗಳಿಂದ. ಅಲ್ಲಿ ಪ್ರೈಮರಿಯಲ್ಲಿ ಸ್ಯಾಂಡರ್ಸ್ ಪಡೆದದ್ದು ಸುಮಾರು 6 ಲಕ್ಷ. ಮಕ್ಕಳು ಲೆಕ್ಕ ಹಾಕಿದರು: ಶೇ. 12 ಎಂದರೆ 72,000. ಒಂದು ಗುಂಪು ಇನ್ನೂ ಮುಂದೆ ಹೋಯಿತು. ಶೇ. 1, ಅಂದರೆ 6,000 ಮಂದಿ ಈ ಕಡೆಗೆ ವಾಪಸು ಬಂದರೂ ಅಂತರ 12,000 ಬದಲಾಗುತ್ತದೆ, ಅಷ್ಟೇ ಸಾಕಿತ್ತು. ಚೀಟಿಯ ಪಾಠ ಕೆಲಸಕ್ಕೆ ಬಂದದ್ದು ಇಲ್ಲಿ.

"ಹಾಗಾದ್ರೆ ಅವರೇ ಸೋಲಿಸಿದ್ದು" ಎಂದು ಒಬ್ಬ ತೀರ್ಪು ಕೊಟ್ಟ. ಅಮೆರಿಕದಲ್ಲೂ ಹಾಗೆಂದವರು ಬಹಳ. "ಛೇದ ನೋಡು" ಎಂದಷ್ಟೇ ಹೇಳಿದೆ. ಶೇ. 12 ಇಡೀ ದೇಶದ್ದು, ಮಿಷಿಗನ್‌ನದ್ದಲ್ಲ. ಮಿಷಿಗನ್‌ನಲ್ಲಿ ಯಾವ ಮತದಾರನಾದರೂ ಯಾವ ಪಕ್ಷದ ಪ್ರೈಮರಿಯಲ್ಲಾದರೂ ಮತ ಹಾಕಬಹುದು. ಆ 6 ಲಕ್ಷದಲ್ಲಿ ಎಂದೂ ಡೆಮಾಕ್ರಟರಲ್ಲದವರೂ ಇದ್ದರು. ಬರದೇ ಇದ್ದವರನ್ನು ಬಿಟ್ಟುಹೋದರು ಎನ್ನಬಹುದೆ? ಅದೇ 72,000 ಮಿಷಿಗನ್‌ನಲ್ಲಿ ಬಿದ್ದ ಒಟ್ಟು ಸುಮಾರು 48 ಲಕ್ಷ ಮತಗಳಲ್ಲಿ ಬರೀ ಶೇ. 1.5. ಕೊನೆಗೆ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟೆ. 2008ರಲ್ಲಿ ಬಿಟ್ಟುಹೋದ ಪಾಲು ಹೆಚ್ಚು, ಆದರೂ ಒಬಾಮ ಶೇ. 7ಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. 2016ರಲ್ಲಿ ಪಾಲು ಕಡಿಮೆ, ಆದರೂ ಸೋಲು. ಎರಡು ಸಮೀಕ್ಷೆಗಳ ಛೇದ ಒಂದೇ ಅಲ್ಲ ಎಂಬ ಎಚ್ಚರದೊಡನೆಯೇ ಈ ಹೋಲಿಕೆ ಮಾಡಬೇಕು. ಮಕ್ಕಳು ಬರೆದುಕೊಂಡದ್ದು ಇಷ್ಟು: ಒಗ್ಗಟ್ಟು ಎಷ್ಟು ಬೇಕೆಂಬುದನ್ನು ಎದುರಾಳಿಯ ಜೊತೆಗಿನ ಅಂತರ ಹೇಳುತ್ತದೆ, 42ಕ್ಕೆ 40 ಎದುರಾದಾಗ ಮೂವರು ದೊಡ್ಡವರು, 42ಕ್ಕೆ 20 ಎದುರಾದಾಗ ಆ ಮೂವರನ್ನು ಯಾರೂ ಹುಡುಕುತ್ತಿರಲಿಲ್ಲ.

ಉಳಿದ ಐದು ನಿಮಿಷದಲ್ಲಿ ಚೀಟಿ ಮತದಾನವನ್ನು ಮತ್ತೊಮ್ಮೆ ಮಾಡಿದೆವು. ಈ ಸಲ ಮೊದಲು ಶ್ರವಣಬೆಳಗೊಳದ ಹುಡುಗಿಗೆ ಮಾತಾಡಲು ಅವಕಾಶ. "ಬೇಲೂರಿಗೆ ಹೋಗುವಾಗ ದಾರಿಯಲ್ಲಿ ನಮ್ಮ ಬೆಟ್ಟದ ಹತ್ತಿರಾನೂ ಬಸ್ ನಿಲ್ಲಿಸ್ತೀವಿ ಅಂತ ಒಪ್ಪಿದರೆ ನಾವು ನಿಮ್ಮ ಜೊತೆ" ಎಂದಳು. ಬೇಲೂರಿನವನು ಸ್ವಲ್ಪ ಯೋಚಿಸಿ ಒಪ್ಪಿದ, ಕಾಲುನೋವಿನ ಮಾತನ್ನೂ ವಾಪಸು ಪಡೆದ. ಎಣಿಕೆ: ಬೇಲೂರು 41, ಜೋಗ 1. ಒಟ್ಟು 41–41. ನಗು ನಿಲ್ಲಲು ಒಂದು ನಿಮಿಷ ಬೇಕಾಯಿತು. ನಮ್ಮ ದೇಶದ ಕಾನೂನಿನಲ್ಲಿ ಮತ ಸಮವಾದರೆ ಚೀಟಿ ಎತ್ತುತ್ತಾರೆ ಎಂದು ಹೇಳಿದೆ. ಆ ಒಬ್ಬ ಯಾರೆಂದು ಈ ಸಲ ಯಾರೂ ಕೇಳಲಿಲ್ಲ.

ಪಾಠದ ನಂತರದ ಚರ್ಚೆಯಲ್ಲಿ ವೀಕ್ಷಕರೊಬ್ಬರು ಇದು ಗಣಿತಕ್ಕಿಂತ ಸಮಾಜ ವಿಜ್ಞಾನದ ಪಾಠವಾಯಿತು ಎಂದರು. ಸಮಾಜ ವಿಜ್ಞಾನದ ಸಹಪಾಠಿಗಳು ಪ್ರೈಮರಿಯ ಇತಿಹಾಸ ಸಾಲದಾಯಿತು ಎಂದರು. 1968ರ ಷಿಕಾಗೊ ಅಧಿವೇಶನದಲ್ಲಿ, ಒಂದೂ ಪ್ರೈಮರಿಯಲ್ಲಿ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿ ಅಭ್ಯರ್ಥಿಯಾದದ್ದರಿಂದಲೇ ನಿಯಮಗಳು ಬದಲಾದವು, ಅದನ್ನು ಹೇಳಬೇಕಿತ್ತು ಎಂಬುದು ಅವರ ವಾದ. ಒಂಬತ್ತನೆಯ ತರಗತಿಯಾದರೆ ಹೇಳಬಹುದು. ಎಂಟರಲ್ಲಿ ಹೆಸರುಗಳು ಹೆಚ್ಚಾದಷ್ಟೂ ಛೇದ ಮರೆಯಾಗುತ್ತದೆ. ಗಣಿತ ಅಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಆ ಹುಡುಗಿಯ ಪ್ರಶ್ನೆ ಶುದ್ಧ ಗಣಿತದ ಪ್ರಶ್ನೆ, ಬೆರಳುಗಳನ್ನು ಕೆಳಗಿಳಿಸಿದ್ದೂ ಅದೇ.

ಈ ಪಾಠವನ್ನು ಬಳಸುವವರಿಗೆ ಒಂದೆರಡು ಮಾತು. ಚೀಟಿಗಳು ಒಂದೇ ಅಳತೆ, ಒಂದೇ ಬಣ್ಣದಲ್ಲಿರಲಿ, ಪೆನ್ಸಿಲ್‌ನಲ್ಲೇ ಬರೆಸಿ. ಅಕ್ಷರ ಗುರುತಿಸುವ ಮಕ್ಕಳಿರುವುದರಿಂದ ಎಣಿಕೆ ಶಿಕ್ಷಕರ ಕೈಯಲ್ಲೇ ಇರಲಿ. ಎದುರು ವಿಭಾಗದ ಸಂಖ್ಯೆಯನ್ನು ನಿಮ್ಮ ತರಗತಿಯ ಹಾಜರಿಗಿಂತ ಎರಡು ಕಡಿಮೆ ಇಟ್ಟುಕೊಳ್ಳಿ. ಪ್ರವಾಸ ನಿಜವಾಗಿಯೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಿ.