ಇಂಗ್ಲಿಷ್ ಮಾತಿಗೆ ಗುಂಪು ಕಲಿಕೆ



ನಾನು ಪಿಯುಸಿಯಲ್ಲಿದ್ದಾಗ ಒಮ್ಮೆ ಇಂಗ್ಲಿಷ್ ತರಗತಿಯಲ್ಲಿ ಎದ್ದು ನಿಂತು “ಐ ಡಿಡ್ ನಾಟ್ ವೆಂಟ್” ಎಂದೆ. ಎಲ್ಲರೂ ನಕ್ಕರು. ಆ ವರ್ಷ ಮುಗಿಯುವವರೆಗೂ ನಾನು ಮತ್ತೆ ಬಾಯಿ ತೆರೆಯಲಿಲ್ಲ. ಪರೀಕ್ಷೆಯಲ್ಲೇನೋ ಒಳ್ಳೆಯ ಅಂಕ ಬಂತು, ಮಾತು ಮಾತ್ರ ಬರಲಿಲ್ಲ. ಈಗ ಅದೇ ವಿಷಯ ಕಲಿಸುತ್ತಿದ್ದೇನೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತವರನ್ನು ಕಂಡಾಗಲೆಲ್ಲ ಆ ದಿನ ನೆನಪಾಗುತ್ತದೆ.

ಒಂದು ಲೆಕ್ಕ ನೋಡಿ. 60 ಮಂದಿಯ ತರಗತಿಯಲ್ಲಿ ಒಬ್ಬೊಬ್ಬರೇ ಎದ್ದು ಮಾತನಾಡಿದರೆ ಒಂದು ಗಂಟೆಯಲ್ಲಿ ತಲೆಗೆ ಒಂದೇ ನಿಮಿಷ. ಇಬ್ಬಿಬ್ಬರು ಜೊತೆಯಾಗಿ ಹತ್ತು ನಿಮಿಷ ಮಾತನಾಡಿದರೆ ಪ್ರತಿಯೊಬ್ಬರಿಗೂ ಐದು ನಿಮಿಷ ಸಿಗುತ್ತದೆ. 1981ರಲ್ಲಿ ಅಮೆರಿಕದ ಫ್ರಾಂಕ್ ಲೈಮನ್ ಮುಂದಿಟ್ಟ ‘ಥಿಂಕ್-ಪೇರ್-ಶೇರ್’ ಇಂಥದ್ದೇ ವಿಧಾನ. ಮೊದಲು ಒಬ್ಬರೇ ಯೋಚಿಸಬೇಕು, ಬಳಿಕ ಪಕ್ಕದವರಿಗೆ ಹೇಳಬೇಕು, ಕೊನೆಗೆ ತರಗತಿಗೆ.

ಆದರೆ ಗುಂಪು ಮಾಡಿದ ಮಾತ್ರಕ್ಕೆ ಎಲ್ಲರೂ ಮಾತನಾಡುವುದಿಲ್ಲ. ಒಬ್ಬರು ಮಾತನಾಡುತ್ತಾರೆ, ಮೂವರು ತಲೆಯಾಡಿಸುತ್ತಾರೆ. (ಪ್ರಾಜೆಕ್ಟನ್ನು ಒಬ್ಬರು ಬರೆದು ನಾಲ್ವರ ಹೆಸರು ಹಾಕುವ ಕಥೆ ನಿಮಗೇ ಗೊತ್ತು!) ಇದಕ್ಕೆ ನಾನು ಕಂಡ ಒಳ್ಳೆಯ ಮದ್ದು ‘ಜಿಗ್‌ಸಾ’.

1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಹೊಸದಾಗಿ ಒಂದೇ ತರಗತಿಯಲ್ಲಿ ಕೂರುವಂತಾಗಿ, ಶಾಲೆಗಳಲ್ಲಿ ಜಗಳ ಹೆಚ್ಚಿತ್ತು. ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು ಪಾಠವನ್ನೇ ತುಂಡು ಮಾಡಿ ಹಂಚಿದರು. ಪತ್ರಿಕೋದ್ಯಮಿ ಜೋಸೆಫ್ ಪುಲಿಟ್ಜರ್ ಅವರ ಜೀವನದ ಒಂದೊಂದು ಭಾಗ ಒಬ್ಬೊಬ್ಬರಿಗೆ. ಪರೀಕ್ಷೆ ಮಾತ್ರ ಪೂರ್ತಿ ಪಾಠದ ಮೇಲೆ. ಅವರು ಕಾರ್ಲೋಸ್ ಎಂದು ಕರೆಯುವ ಹುಡುಗನಿಗೆ ಇಂಗ್ಲಿಷ್ ಎರಡನೆಯ ಭಾಷೆ. ಅವನು ತಡವರಿಸಿದಾಗ ಗುಂಪಿನವರು ಗೇಲಿ ಮಾಡಿದರು. ಗೇಲಿಯಿಂದ ಅವನ ಭಾಗ ತಿಳಿಯದು, ಪರೀಕ್ಷೆಯೋ ಹತ್ತಿರದಲ್ಲಿದೆ ಎಂದು ಅಲ್ಲಿದ್ದ ಸಹಾಯಕರು ನೆನಪಿಸಿದರು. ಮಕ್ಕಳು ಮೆಲ್ಲಗೆ ಪ್ರಶ್ನೆ ಕೇಳಿ ಅವನಿಂದ ಮಾತು ಹೊರಡಿಸಲು ಕಲಿತರು. ಅವನೂ ನಿರಾಳವಾಗಿ ಮಾತನಾಡತೊಡಗಿದ.

ಕಳೆದ ತಿಂಗಳು ನಮ್ಮಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರ ಜೀವನವನ್ನು ಹೀಗೆ ಹಂಚಿದೆ: ಮುದ್ದೇನಹಳ್ಳಿಯ ಬಾಲ್ಯ, ಖಡಕ್‌ವಾಸ್ಲಾ ಅಣೆಕಟ್ಟೆಯ ಸ್ವಯಂಚಾಲಿತ ಗೇಟುಗಳು, 1908ರ ಮೂಸಿ ನದಿ ಪ್ರವಾಹದ ನಂತರ ಹೈದರಾಬಾದಿನಲ್ಲಿ ಮಾಡಿದ ಕೆಲಸ, 1912ರಿಂದ 1918ರವರೆಗಿನ ದಿವಾನಗಿರಿ. ಕೆಆರ್‌ಎಸ್ ಎಲ್ಲರಿಗೂ ಗೊತ್ತು, ಹೈದರಾಬಾದಿನ ಕಥೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಒಂದೇ ಭಾಗ ಸಿಕ್ಕವರು ಮೊದಲು ಒಟ್ಟಿಗೆ ಕುಳಿತು ತಯಾರಾದರು. ಆಗ ಬ್ಯಾರಿ, ಉರ್ದು, ಕನ್ನಡ ಯಾವುದರಲ್ಲಿ ಬೇಕಾದರೂ ಚರ್ಚಿಸಬಹುದು ಎಂದಿದ್ದೆ. ಅರ್ಥವೇ ಆಗದ್ದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಸ್ವಂತ ಗುಂಪಿಗೆ ಮರಳಿದ ಮೇಲೆ ಮಾತ್ರ ಇಂಗ್ಲಿಷೇ ಆಗಬೇಕು.

ಗದ್ದಲ ಪಕ್ಕದ ತರಗತಿಗೂ ಕೇಳಿಸಿತು, ಸಹೋದ್ಯೋಗಿಗಳು ಕ್ಷಮಿಸಬೇಕು. ಎರಡು ಗುಂಪುಗಳು ಚೀಟಿಯನ್ನೇ ಓದಿ ಮುಗಿಸಿಬಿಟ್ಟವು. ಇನ್ನು ಮುಂದೆ ಚೀಟಿ ಕೈಗೆ ಕೊಟ್ಟು ಕಳಿಸುವುದಿಲ್ಲ. ಆದರೆ ಜೂನ್‌ನಿಂದ ಒಂದು ಮಾತೂ ಆಡದಿದ್ದ ವಿದ್ಯಾರ್ಥಿನಿಯೊಬ್ಬಳ ಪಾಲಿಗೆ ಮೂಸಿ ನದಿ ಬಂದಿತ್ತು. “ಹೀ ಗೋ ಟು ಹೈದರಾಬಾದ್” ಎಂದಳು. “ವೈ?” ಎಂದು ಮೂವರೂ ಕೇಳಿದರು. ಅವಳು ಹೇಳುತ್ತಾ ಹೋದಳು, ಅವರು ಬರೆದುಕೊಳ್ಳುತ್ತಾ ಹೋದರು. ‘ಗೋ’ವನ್ನು ನಾನು ಆಗ ತಿದ್ದಲಿಲ್ಲ. ಪಿರಿಯಡ್ ಮುಗಿಯುವಾಗ ಕೇಳಿಬಂದ ತಪ್ಪುಗಳನ್ನು, ಯಾರದೆಂದು ಹೇಳದೆ, ಬೋರ್ಡಿನ ಮೇಲೆ ಬರೆದೆ.

ಮುಂದಿನ ಸಲ ಒಬ್ಬೊಬ್ಬರೂ ಮೂರು ಹುಣಸೆ ಬೀಜ ತನ್ನಿ. ಒಮ್ಮೆ ಮಾತನಾಡಿದರೆ ಒಂದು ಬೀಜ ಮೇಜಿನ ಮಧ್ಯಕ್ಕೆ. ಮೂರೂ ಮುಗಿದವರು ಉಳಿದವರ ಕೈ ಬರಿದಾಗುವವರೆಗೆ ಕೇಳುತ್ತಾ ಕೂರಬೇಕು.