ದಾರಿ ಕೊಚ್ಚಿಹೋದ ಜಾಗದಲ್ಲಿ (ಯೌವನಸ್ಥರ ಪಾಠ)

ಇವತ್ತಿನ ಪಾಠ ಯೌವನಸ್ಥರಿಗೆ. ಆದ್ರೆ ತಂದೆತಾಯಂದಿರೂ ಕೂತಿರಿ, ಕೊನೇಲಿ ನಿಮಗೂ ಒಂದು ಮಾತಿದೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆಯ ನಮ್ಮ ಹುಡುಗರು ಸೇರಿ ಆಗಸ್ಟ್ 15ರ ರಜೆಗೆ ಘಟ್ಟದ ಕಡೆ ಬೆಟ್ಟ ಹತ್ತೋಕೆ ಹೊರಟಿದ್ದಾರೆ. ಸಂತೋಷ. "ಅರ್ಧದಲ್ಲಿ ಕಾಲುದಾರಿ ಕುಸಿದು ಕೊಚ್ಚಿಹೋಗಿದ್ರೆ ಏನಪ್ಪಾ ಮಾಡ್ತೀರಿ?" ಅಂತ ಕೇಳಿದೆ. "ಪ್ರಾರ್ಥನೆ ಮಾಡ್ಕೊಂಡು ದಾಟ್ತೀವಿ ಪಾಸ್ಟರ್" ಅಂದ್ರು. ಅದಕ್ಕೇ ಈ ಪಾಠ.

ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ತೆಗೀರಿ. ಪೌಲನನ್ನು ರೋಮಿಗೆ ಕರಕೊಂಡು ಹೋಗೋ ಹಡಗು ಕ್ರೇತದ ರೇವಿನಲ್ಲಿ ನಿಂತಿದೆ. ಕಾಲ ಮೀರಿದೆ, ಹೊರಟರೆ ಪ್ರಾಣಕ್ಕೇ ಅಪಾಯ ಅಂತ ಪೌಲ ಹೇಳ್ತಾನೆ. ಶತಾಧಿಪತಿ ಹಡಗಿನ ಯಜಮಾನನ ಮಾತನ್ನೇ ನಂಬ್ತಾನೆ. ಯಜಮಾನನಿಗೆ ಸರಕಿನ ಚಿಂತೆ. ನಮಗೆ ಟಿಟಿ ಗಾಡಿಗೆ ಕೊಟ್ಟ ಅಡ್ವಾನ್ಸಿನ ಚಿಂತೆ! ಆ ಹಡಗಿನಲ್ಲಿ 276 ಜನ ಇದ್ರು. "ನಿಲ್ಲಿ" ಅಂದವನಿಗೆ ನಂಬಿಕೆ ಕಡಿಮೆ ಇತ್ತಾ? ಅಲ್ಲಿದ್ದವರಲ್ಲೇ ದೊಡ್ಡ ನಂಬಿಕೆಯವನು ಅವನು.

ಮತ್ತಾಯ 4ರಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಗೆ ನಿಲ್ಲಿಸಿ ಧುಮುಕು ಅಂದಾಗಲೂ 91ನೇ ಕೀರ್ತನೆಯ ವಾಗ್ದಾನವನ್ನೇ ಎತ್ತಿ ಹೇಳಿದ. ವಾಗ್ದಾನ ಸುಳ್ಳಲ್ಲ. ಅದನ್ನ ಹಿಡ್ಕೊಂಡು ಧುಮುಕಿದ್ರೆ ಅದು ದೇವರನ್ನ ಪರೀಕ್ಷೆ ಮಾಡಿದ ಹಾಗೆ. ಯೇಸು ಧುಮುಕಲಿಲ್ಲ.

ಈಗ ಬೆಟ್ಟಕ್ಕೆ ಬರೋಣ. ನಾವು ಹತ್ತಿ ಬೆಳೆದದ್ದು ಕುಂತಿಬೆಟ್ಟ, ಮೇಲುಕೋಟೆಯ ಬಂಡೆ. ಬಂಡೆ ಮಳೆಗೆ ಜಾರ್ತದೆ, ಕೊಚ್ಚಿಹೋಗಲ್ಲ. ಕೊಡಗು, ಮಲೆನಾಡಿನ ಬೆಟ್ಟ ಹಾಗಲ್ಲ. ಕೆಳಗೆ ಕಲ್ಲು, ಮೇಲೆ ದಪ್ಪ ಮಣ್ಣು. ದಿನಗಟ್ಟಲೆ ಮಳೆ ಕುಡಿದ ಮಣ್ಣು ಭಾರವಾಗಿ, ಹಿಡಿತ ಬಿಟ್ಟು, ಮರದ ಸಮೇತ ಇಳೀತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಆಗಿದ್ದು ಇದೇ. ಮದ್ದೂರು, ಮಂಡ್ಯ ದಾಟಿ ಹೋಗೋ 275ನೇ ರಾಷ್ಟ್ರೀಯ ಹೆದ್ದಾರಿಯೇ ಮಡಿಕೇರಿ–ಸಂಪಾಜೆ ನಡುವೆ ಕುಸಿದು ವಾರಗಟ್ಟಲೆ ವಾಹನ ಓಡಲಿಲ್ಲ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ ಕುಸಿದು ಮನೆ, ಮನುಷ್ಯರನ್ನ ನುಂಗ್ತು. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಲಿ ಅಂತ ನಾವು ಇಲ್ಲಿ ಕಾಯ್ತೀವಲ್ಲ, ಅದನ್ನ ತುಂಬಿಸೋ ಮಳೆಯೇ ಅಲ್ಲಿ ದಾರಿ ತಿನ್ನೋದು. ಕಟ್ಟೆ ತುಂಬಿದ ಖುಷಿಯಲ್ಲೇ ನಾವು ಬೆಟ್ಟಕ್ಕೆ ಹೊರಡ್ತೀವಿ!

ಕೊಚ್ಚಿಹೋದ ಜಾಗ ಸಿಕ್ಕಿದ್ರೆ ಮೊದಲು ಬ್ಯಾಗ್ ಇಳಿಸಿ, ದೂರದಲ್ಲೇ ನಿಂತು ನೋಡಿ. ಮೇಲಿಂದ ಸಣ್ಣ ಕಲ್ಲು ಉರುಳ್ತಾ ಇದೆಯಾ? ಮಣ್ಣಲ್ಲಿ ಹೊಸ ಬಿರುಕು, ವಾಲಿದ ಮರ, ಒಸರೋ ಕೆಸರುನೀರು? ಹಾಗಿದ್ರೆ ಕುಸಿತ ಇನ್ನೂ ಮುಗಿದಿಲ್ಲ, ಅಲ್ಲಿಂದ ಹಿಂದಕ್ಕೆ ಬನ್ನಿ. ಆಮೇಲೆ ಕೆಳಗೆ ನೋಡಿ. "ದಾಟೋಕೆ ಆಗ್ತದಾ" ಅಂತ ಕೇಳ್ಕೋಬೇಡಿ, ಹುಡುಗರಿಗೆ ಯಾವಾಗಲೂ ಆಗ್ತದೆ ಅಂತಲೇ ಅನ್ನಿಸೋದು. "ಜಾರಿದ್ರೆ ಎಲ್ಲಿ ಹೋಗಿ ನಿಲ್ತೀನಿ" ಅಂತ ಕೇಳ್ಕೊಳ್ಳಿ. ಉತ್ತರ ಕಮರಿ, ಹಳ್ಳ ಅಂತಾದ್ರೆ ನಾಲ್ಕೇ ಹೆಜ್ಜೆ ಇದ್ದರೂ ಬೇಡ.

ಅಂಚಿಗೆ ಹೋಗಿ ಬಗ್ಗಿ ನೋಡೋದೂ ಬೇಡ. ರೈತರ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾ? ವಿ.ಸಿ. ನಾಲೆ ಏರಿ ಒಡೆಯೋ ಮೊದಲು ಬುಡದಲ್ಲಿ ನೀರು ಜಿನುಗ್ತದೆ. ಮೇಲೆ ಹುಲ್ಲು ಹಸಿರಾಗೇ ಇರ್ತದೆ, ಒಳಗೆ ಮಣ್ಣು ಹೋಗಿರ್ತದೆ. ಕುಸಿದ ದಾರಿಯ ಅಂಚೂ ಅಷ್ಟೇ.

ಜಾಗ ಚಿಕ್ಕದು, ಮಣ್ಣು ಗಟ್ಟಿ, ಮಳೆ ಇಲ್ಲ, ಜಾರಿದ್ರೂ ಪಕ್ಕದ ಪೊದೆಯಲ್ಲೇ ನಿಲ್ತೀವಿ ಅನ್ನೋ ಹಾಗಿದ್ರೆ ಮಾತ್ರ ದಾಟಿ, ಒಬ್ಬೊಬ್ಬರೇ. ಉಳಿದವರು ಗಟ್ಟಿ ನೆಲದಲ್ಲಿ ನಿಂತು ಮೇಲಿನ ಇಳಿಜಾರನ್ನ ಕಾಯ್ತಿರಿ, ಕಲ್ಲು ಅಲುಗಿದ್ರೆ ಕೂಗಿ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಿ. ಕಾಲಿಟ್ಟು ಒತ್ತಿ ನೋಡಿ, ಆಮೇಲೆ ಭಾರ ಹಾಕಿ. ಹೆದರಿಕೆಯಾದಾಗ ಮೈ ಬೆಟ್ಟದ ಕಡೆ ವಾಲ್ತದೆ, ಆಗಲೇ ಪಾದ ಹೊರಗೆ ಜಾರೋದು. ನೆಟ್ಟಗೆ ನಿಂತು ನಡೀರಿ. ಹುಲ್ಲು, ಬೇರು ನಂಬಬೇಡಿ. ನಡುವೆ ನಿಂತು ಫೋಟೋ ಅಂತೂ ಬೇಡವೇ ಬೇಡ. ಕೈಕೈ ಹಿಡಿದು ಸರಪಳಿ ಮಾಡೋದು ನೋಡೋಕೆ ಸಹೋದರ ಪ್ರೀತಿ ಅನ್ನಿಸ್ತದೆ. ಒಬ್ಬ ಜಾರಿದ್ರೆ ಎಲ್ಲರನ್ನೂ ಎಳೀತಾನೆ. ಗಟ್ಟಿ ಮರಕ್ಕೆ ಕಟ್ಟದೆ ಸೊಂಟದಿಂದ ಸೊಂಟಕ್ಕೆ ಹಗ್ಗ ಬಿಗಿದುಕೊಂಡರೂ ಅದೇ ಕಥೆ. ಇನ್ನೊಂದು ಮರೀಬೇಡಿ, ಸಂಜೆ ಅದೇ ಜಾಗದಲ್ಲಿ ವಾಪಸ್ ಬರಬೇಕು. ಆಗ ಕಾಲು ಸೋತಿರ್ತದೆ, ಮಳೆಯೂ ಬಂದಿರಬಹುದು.

ಕುಮಾರಪರ್ವತದಂಥ ದಾರಿಗಳನ್ನ ಅರಣ್ಯ ಇಲಾಖೆ ಮಳೆಗಾಲದಲ್ಲಿ ಮುಚ್ತದೆ. "ಗೇಟಿನ ಪಕ್ಕ ಇನ್ನೊಂದು ದಾರಿ ಇದೆ ಸಾರ್" ಅನ್ನೋರು ಸಿಕ್ತಾರೆ. ವಿಶ್ವಾಸಿಗಳು ಆ ದಾರಿ ಹಿಡಿಯೋದು ಬೇಡ. ತೆರೆದಿರೋ ದಾರಿಗೂ ಅನುಮತಿ ತಗೊಂಡು, ಸ್ಥಳೀಯ ಗೈಡ್ ಜೊತೆಯಲ್ಲೇ ಹೋಗಿ. ಅವರು ಬೇಡ ಅಂದ್ರೆ ವಾದ ಮಾಡಬೇಡಿ.

ಪೌಲನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಬಿರುಗಾಳಿಯಲ್ಲಿ ದೇವದೂತ ಬಂದು, ನಿನ್ನ ಜೊತೆ ಇರೋರೆಲ್ಲ ಉಳೀತಾರೆ ಅಂದ. ಇಷ್ಟಾದ ಮೇಲೂ ನಾವಿಕರು ದೋಣಿ ಇಳಿಸಿ ಓಡಿಹೋಗೋಕೆ ನೋಡಿದಾಗ, ಇವರು ಹಡಗಲ್ಲಿ ಇರದಿದ್ರೆ ನೀವು ಬದುಕಲ್ಲ ಅಂತ ಪೌಲನೇ ಹೇಳಿದ. ವಾಗ್ದಾನ ಕೈಯಲ್ಲಿದ್ದವನು ನಾವಿಕರನ್ನ ಬಿಡಲಿಲ್ಲ, ನೋಡಿ.

ಈಗ ಮನೆಯವರಿಗೆ. ಮಗ ಅರ್ಧ ದಾರಿಯಿಂದ ವಾಪಸ್ ಬಂದ್ರೆ "ಇಷ್ಟಕ್ಕೇ ಹೆದರಿಬಿಟ್ಯಾ, ದುಡ್ಡು ದಂಡ" ಅಂತ ಆಡ್ಕೋಬೇಡಿ. ಬಿಸಿ ಮುದ್ದೆ, ಸಾರು ಬಡಿಸಿ. ಮುಂದಿನ ಸಲ ಬೆಟ್ಟದ ಮೇಲೆ ನಿಂತು ತೀರ್ಮಾನ ತಗೋವಾಗ ಅವನಿಗೆ ನಿಮ್ಮ ಮಾತೇ ನೆನಪಾಗೋದು.

ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥಿಸೋಣ.